ಮಳೆ ಬಂದರೆ ಏಳುತ್ತವೆ

ಜೂನ್ 24

ಹೊಳೆ ಇಳಿದು ಹದಕ್ಕೆ ಬಂದಿದೆ. ನೀರು ತಣ್ಣಗಿದೆ, ತಿಳಿ ಚಹಾದ ಬಣ್ಣ. ಸಮುದ್ರದಿಂದ ಟ್ರೌಟ್ ಮೀನು ಬಂದಿವೆ. ಸಾಲ್ಮನ್ ಒಂದೊಂದೇ ಬರತೊಡಗಿವೆ.

ಈ ವರ್ಷವೂ ಡಾಕ್ಟರ್ ಪೆರಿನ್ ನನ್ನ ದೋಣಿಗೇ ಬಿದ್ದಿದ್ದಾರೆ. ಬಾಸ್ಟನ್ನಿನಲ್ಲಿ ಹಲ್ಲು ಕೀಳುವ ಕೆಲಸ ಬಿಟ್ಟ ಮೇಲೆ ಬೇಸಿಗೆಯೆಲ್ಲ ನಾನು ಗೈಡಾಗಿರುವ ಬರ್ಟನ್‌ನ ಮೀನು ಹಿಡಿಯುವ ಕ್ಯಾಂಪಿನಲ್ಲೇ ಠಿಕಾಣಿ. ಇವತ್ತು ಬೆಳಗಿನಿಂದ ಗಾಳ ಬೀಸಿ ಬೀಸಿ ತೋಳು ನೋಯಿಸಿಕೊಂಡದ್ದೇ ಬಂತು.

"ವೆಲ್ಡನ್, ನಿಜ ಹೇಳಿ. ಈ ಮಡುವಿನಲ್ಲಿ ಮೀನು ಇದೆಯಾ?"

"ಇದೆಯಾ ಅಂತೀರಲ್ಲ ಡಾಕ್ಟ್ರೇ! ಈಗ ತಾನೇ ಆ ಬಂಡೆ ಹಿಂದೆ ಒಂದು ಬೆನ್ನು ಹೊರಳಿಸ್ತು. ಬಿಸಿಲು ಕಣ್ಣಿಗೆ ಹೊಡೀತಿತ್ತು, ನಿಮಗೆ ಕಾಣ್ಲಿಲ್ಲ."

ಅಲ್ಲಿ ಬೆನ್ನೂ ಇರಲಿಲ್ಲ, ಬಾಲವೂ ಇರಲಿಲ್ಲ. ಪಾಪ, ಮನುಷ್ಯ ಹೊಸ ಹುರುಪಿನಿಂದ ಮತ್ತೆ ಬೀಸಲು ಶುರು ಮಾಡಿದರು. ಇದನ್ನು ಸುಳ್ಳು ಅನ್ನುವವರು ಅನ್ನಲಿ. ಗೈಡಿನ ಕೆಲಸದಲ್ಲಿ ಅರ್ಧ ದೋಣಿ ನಡೆಸುವುದು, ಇನ್ನರ್ಧ ಗಿರಾಕಿಯ ಮುಖ ಬಾಡದಂತೆ ನೋಡಿಕೊಳ್ಳುವುದು. ಈ ಎರಡನೆಯದರಲ್ಲಿ ನನ್ನನ್ನು ಮೀರಿಸುವವರು ಈ ಹೊಳೆಯ ಮೇಲೆ ಯಾರೂ ಇಲ್ಲ.

ನನ್ನ ಹೆಂಡತಿ ಏವಿಸ್‌ಗೆ ಎರಡು ಟ್ರೌಟ್ ತಂದೆ. ಅವಳು ಮಾಡುವ ಹಾಗೆಯೇ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿದೆ. ಒಂದು ತುತ್ತು ತಿಂದು ತಟ್ಟೆ ಸರಿಸಿದಳು. ಉಪ್ಪು ಜಾಸ್ತಿಯಾಗಿತ್ತು ಅಂತ ಕಾಣುತ್ತದೆ.

ಜೂನ್ 27

ದೋಣಿಗೆ ರಜೆ ಹಾಕಿ ಏವಿಸ್‌ಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಡಾಕ್ಟರು ಚಿಕ್ಕ ಹುಡುಗ. ಇನ್ನು ಔಷಧಿಯಿಂದ ಉಪಯೋಗವಿಲ್ಲ, ನೋವಿಗೆ ಮಾತ್ರ ಕೊಡುತ್ತೇನೆ, ಬೇಸಿಗೆ ಕಳೆಯುವುದೇ ಕಷ್ಟ ಎಂದ. ಅವನು ಅವಳ ಮುಖ ನೋಡಿಕೊಂಡೇ ಹೇಳಿದ. ನಾನು ಗೋಡೆಯ ಮೇಲಿದ್ದ ಹಡಗಿನ ಚಿತ್ರ ನೋಡುತ್ತಿದ್ದೆ. ಹಾಯಿ ಕಟ್ಟಿದ್ದು ಗಾಳಿಗೆ ಸರಿಯಾಗಿರಲಿಲ್ಲ.

ವಾಪಸು ಬರುವಾಗ ಟ್ರಕ್ಕಿನಲ್ಲಿ ಕೇಳಿದಳು.

"ಆ ಹುಡುಗ ಹೇಳಿದ್ದು ಕೇಳಿಸ್ತಾ ನಿಂಗೆ?"

"ಕೇಳಿಸ್ತು. ಅವನಿಗಿನ್ನೂ ಮೀಸೇನೇ ಸರಿಯಾಗಿ ಬಂದಿಲ್ಲ. ಈ ಸೆಖೆಗೆ ನಿಂಗೆ ಸುಸ್ತು, ಅಷ್ಟೇ. ಒಂದು ಮಳೆ ಬೀಳ್ಲಿ, ತಂಪಾಗ್ಲಿ, ನೋಡ್ತಿರು, ಎದ್ದು ಓಡಾಡ್ತೀಯ."

ಅವಳು ನನ್ನ ಕಡೆ ತಿರುಗಿದಳು.

"ವೆಲ್ಡನ್, ನಾನೇನು ನಿನ್ನ ಗಿರಾಕಿನಾ?"

ನಾನು ರಸ್ತೆ ನೋಡಿಕೊಂಡು ಗಾಡಿ ಓಡಿಸಿದೆ.

"ಮೀನು ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ‘ಮಳೆ ಬಂದ್ರೆ ಏಳುತ್ತವೆ’ ಅಂತೀಯ. ಮದ್ವೆ ಆದಾಗಿಂದ ಕೇಳ್ತಾ ಇದೀನಿ. ಅದನ್ನೇ ನಂಗೂ ಹೇಳ್ತೀಯಲ್ಲೋ! ಡಾಕ್ಟ್ರು ಹೇಳಿದ್ದು ನಂಗೆ ಅರ್ಥ ಆಗಿದೆ. ಆದ್ರೆ ಅದು ನಿನ್ನ ಬಾಯಿಂದ ಬರ್ಬೇಕು. ಇಲ್ದಿದ್ರೆ ನಾನು ಯಾರ ಹತ್ರ ಮಾತಾಡ್ಲಿ?"

ರೇಡಿಯೋ ಹಾಕಿದೆ. ವಾರಪೂರ್ತಿ ಒಣಹವೆಯಂತೆ.

ಜುಲೈ 3

ನೀರು ಬೆಚ್ಚಗಾಗುತ್ತಿದೆ. ಮೇಲಿನ ಮಡುವಿನಲ್ಲಿ ದೋಣಿಯ ತಳ ಕಲ್ಲಿಗೆ ಉಜ್ಜಿತು. ಸಾಲ್ಮನ್ ಹೊಳೆ ಕಡಲಿಗೆ ಸೇರುವ ಕಡೆಯೇ ನಿಂತಿರಬೇಕು. ಈ ಬಿಸಿಗೆ ಯಾವುದು ತಾನೇ ಒಳಗೆ ಬಂದೀತು?

ಹೊಳೆಯ ಸ್ಥಿತಿ ಹೇಗಿದೆ ಎಂದು ಕ್ಯಾಂಪಿಗೆ ದಿನವೂ ಫೋನು ಬರುತ್ತದೆ. ಫೋನು ಮಾಡಿದವರಿಗೆ ಕೇಳಿಸಲು ವಾರಕ್ಕೊಮ್ಮೆ ನನ್ನ ದನಿಯನ್ನು ಫೋನಿನ ಯಂತ್ರದಲ್ಲಿ ತುಂಬಿಸಿಡುವುದು ಬರ್ಟನ್‌ನ ಪದ್ಧತಿ.

"ನೀರು ಕಮ್ಮಿ ಅನ್ಬೇಡ ಮಾರಾಯ. ‘ಹೊಳೆ ಶಾಂತವಾಗಿದೆ’ ಅನ್ನು. ಮೀನಿಲ್ಲ ಅನ್ಬೇಡ. ‘ಮೀನು ಹಾದಿಯಲ್ಲಿವೆ’ ಅನ್ನು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗೆಯೇ ಹೇಳಿದೆ. ಕೇಳಿದರೆ ನನಗೇ ಹೋಗಿ ಗಾಳ ಹಾಕಬೇಕು ಅನ್ನಿಸುವಷ್ಟು ಚೆನ್ನಾಗಿ ಬಂತು.

ಏವಿಸ್‌ಳನ್ನು ನೋಡಿಕೊಳ್ಳಲು ಅವಳ ಅಕ್ಕ ಗ್ರೇಟಾ ಬಂದಿಳಿದಿದ್ದಾಳೆ. ಬಂದ ತಕ್ಷಣ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೇರೆ ಕಡೆ ಇಟ್ಟಳು. ಚಹಾಪುಡಿ ಎಲ್ಲಿ ಎಂದು ಕೇಳಿದರೆ, "ಮೀನು ಹುಡುಕೋನಿಗೆ ಚಾಪುಡಿ ಹುಡುಕೋಕೆ ಆಗಲ್ವಾ?" ಅಂತಾಳೆ.

ಜುಲೈ 9

ಸಂಜೆ ಹಿತ್ತಲ ಬಾಗಿಲಿಂದ ಬರುವಾಗ ಒಳಗೆ ನಗು ಕೇಳಿಸಿತು. ಏವಿಸ್ ನಗುವುದನ್ನು ಕೇಳಿ ಎಷ್ಟು ದಿನವಾಗಿತ್ತೋ. ಬೂಟು ಬಿಚ್ಚುವ ನೆಪದಲ್ಲಿ ಅಲ್ಲೇ ನಿಂತೆ.

"ಈ ನೀಲಿ ಗೌನು ಬೇಡ ಕಣೇ," ಗ್ರೇಟಾ ಹೇಳುತ್ತಿದ್ದಳು. "ಇದು ಹಾಕಿದ್ರೆ ನಿನ್ನ ಸೊಂಟ ಎದ್ದು ಕಾಣುತ್ತೆ."

"ಹೆಣದ ಪೆಟ್ಟಿಗೇಲಿ ಮಲಗಿರೋಳಿಗೆ ಸೊಂಟ ಎಲ್ಲಿಂದ ಬರುತ್ತೇ?"

"ಪಾದ್ರಿಗೆ ಕಣ್ಣಿಲ್ವಾ?"

"ಅವರಿಗೆ ಎಂಬತ್ತು! ಅಷ್ಟಾದ್ರೂ ಪುಣ್ಯ ಕಟ್ಕೊಂಡು ಹೋಗ್ತೀನಿ ಬಿಡು."

ಇಬ್ಬರೂ ಕೆಮ್ಮು ಬರುವ ತನಕ ನಕ್ಕರು. ನಾನು ಒಳಗೆ ಕಾಲಿಟ್ಟದ್ದೇ ತಡ, ದೀಪ ಆರಿಸಿದ ಹಾಗೆ ಸುಮ್ಮನಾದರು. ಗ್ರೇಟಾ ಬಟ್ಟೆ ಮಡಚಿದಳು.

"ಹೊಳೆ ಹೇಗಿದೆ?" ಎಂದು ಏವಿಸ್ ಕೇಳಿದಳು. ಅಂಗಡಿಯಲ್ಲಿ ಸಿಕ್ಕ ಪರಿಚಯದವರನ್ನು ಕೇಳುವ ಧಾಟಿಯಲ್ಲಿ.

"ಶಾಂತವಾಗಿದೆ," ಎಂದೆ.

ನನಗೆ ಗ್ರೇಟಾಳ ಮೇಲೆ ಹೊಟ್ಟೆಕಿಚ್ಚು ಬಂತು. ಇರುವುದನ್ನು ಇದ್ದ ಹಾಗೆ ಬರೆದಿದ್ದೇನೆ. ನನ್ನ ಹೆಂಡತಿ ತನ್ನ ಸಾವಿನ ಮಾತಾಡಿ ನಗುವುದಕ್ಕೆ ಅವಳು ಬೇಕು, ನಾನು ಬೇಡ.

ಜುಲೈ 11

ನೀರು ಬಿಸಿ. ಮೀನಿಲ್ಲ. ಮನೆಯಲ್ಲಿ ಮಾತಿಲ್ಲ.

ಜುಲೈ 17

ಮೀನುಗಾರಿಕೆ ಇಲಾಖೆಯವರು ಇವತ್ತಿನಿಂದ ಹೊಳೆ ಮುಚ್ಚಿದ್ದಾರೆ. ನೀರು ತಣ್ಣಗಾಗುವ ತನಕ ಯಾರೂ ಸಾಲ್ಮನ್‌ಗೆ ಗಾಳ ಹಾಕುವ ಹಾಗಿಲ್ಲ. ಬರ್ಟನ್ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ನಾನು ಅವನಿಗೂ ಹೇಳಿದೆ, ಹೆದರಬೇಡ, ಒಂದು ಮಳೆ ಸಾಕು ಎಂದು. ಬಾಯಿಗೆ ಅಭ್ಯಾಸ.

ಏವಿಸ್ ಈಗ ಮಹಡಿ ಹತ್ತುವುದಿಲ್ಲ. ಹೊಳೆ ಕಡೆಯ ಕೋಣೆಯಲ್ಲಿ ಮಂಚ ಹಾಕಿದ್ದೇವೆ. ಮಂಚ ಇಳಿಸುವಾಗ ಗ್ರೇಟಾ ನನ್ನ ಬೆರಳು ಜಜ್ಜಿದಳು, ಬೇಕೆಂದೇ ಇರಬೇಕು. "ಚಳಿಗಾಲಕ್ಕೆ ಮತ್ತೆ ಮೇಲಕ್ಕೆ ಹಾಕೋಣ," ಎಂದೆ. ಏವಿಸ್ ಗೋಡೆ ಕಡೆ ತಿರುಗಿ ಮಲಗಿದಳು.

ಜುಲೈ 22

ಮೀನು ತೋರಿಸಿಯಾದರೂ ತೋರಿಸು ಎಂದು ಡಾಕ್ಟರ್ ಪೆರಿನ್ ಗಂಟು ಬಿದ್ದರು. ಮೆಕ್ಕೇ ತೊರೆ ಬಂದು ಹೊಳೆಗೆ ಸೇರುವ ಜಾಗಕ್ಕೆ ದಡದ ಮೇಲೆ ನಡೆಸಿಕೊಂಡು ಹೋದೆ. ತೊರೆ ನೆರಳಿನಿಂದ ಬರುವುದರಿಂದ ನೀರು ಕೊರೆಯುತ್ತದೆ. ಬಿಸಿಗೆ ಸಿಕ್ಕ ಮೀನೆಲ್ಲ ಅಲ್ಲಿಗೆ ಬಂದು ಸೇರುತ್ತವೆ.

ಸಾಲ್ಮನ್ ಒಂದರ ಪಕ್ಕ ಒಂದು, ತಲೆಯೆಲ್ಲ ತೊರೆಯ ಕಡೆಗೆ. ನಡುವೆ ಟ್ರೌಟ್‌ಗಳು ತೂರಿಕೊಂಡಿದ್ದವು. ಒಂದೂ ಅಲುಗಾಡುತ್ತಿರಲಿಲ್ಲ. ಕಿವಿರು ಮಾತ್ರ ತೆರೆದು ಮುಚ್ಚಿ ಮಾಡುತ್ತಿದ್ದವು. ನಾನು ಇಂಥದ್ದನ್ನು ಮೊದಲೂ ನೋಡಿದ್ದೇನೆ. ಇವತ್ತು ಯಾಕೋ ನೋಡಲಾಗಲಿಲ್ಲ.

"ಒಂದೇ ಒಂದು ಸಲ ಗಾಳ ಬೀಸ್ತೀನಿ ವೆಲ್ಡನ್. ಯಾರು ನೋಡ್ತಾರೆ?"

"ಬೇಡ ಡಾಕ್ಟ್ರೇ. ಇವು ಉಸಿರಾಡೋಕೆ ಬಂದಿವೆ. ಈಗ ಎಳೆದ್ರೆ, ವಾಪಸ್ಸು ಬಿಟ್ರೂ ಸಾಯ್ತವೆ."

"ಹಾಗಾದ್ರೆ ಮುಂದಿನ ವಾರ? ಮಳೆ ಬಂದ ಮೇಲೆ?"

"ಮುಂದಿನ ವಾರಾನೂ ಇಲ್ಲ. ಮಳೆ ಬರೋ ಲಕ್ಷಣ ಇಲ್ಲ. ನೀವು ಇರೋವರೆಗೆ ನಿಮಗೆ ಸಾಲ್ಮನ್ ಸಿಗಲ್ಲ, ಸಾರ್."

ಹೇಳಿದ ಮೇಲೆ ನನಗೇ ದಿಗಿಲಾಯಿತು. ಬಿಸಿಲಿಗೆ ತಲೆ ಕೆಟ್ಟಿರಬೇಕು. ಡಾಕ್ಟರು ಮುಖ ಊದಿಸಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಗಾಳದ ಕೋಲನ್ನು ಹುಲ್ಲಿನ ಮೇಲೆ ಇಟ್ಟು ನನ್ನ ಪಕ್ಕ ಕೂತರು. ತೀರಿಕೊಂಡ ತಮ್ಮನ ವಿಷಯ ಮಾತಾಡಿದರು. ಇಷ್ಟು ಬೇಸಿಗೆ ಒಟ್ಟಿಗೆ ಕಳೆದಿದ್ದೇವೆ, ಅವರಿಗೆ ತಮ್ಮನಿದ್ದ ಎಂದೇ ನನಗೆ ಗೊತ್ತಿರಲಿಲ್ಲ.

ಗಿರಾಕಿಗೆ ಹೀಗೆ ಹೇಳಿದ್ದು ಗೊತ್ತಾಗಿ ಬರ್ಟನ್ ಕೂಗಾಡಿದ. ಕೂಗಾಡಲಿ.

ಜುಲೈ 23

ಇವತ್ತು ಗ್ರೇಟಾ ಅಂಗಡಿಗೆ ಹೋಗಿದ್ದಳು. ಏವಿಸ್‌ಗೆ ಚಹಾ ಒಯ್ದೆ. ತುಟಿ ಕಚ್ಚಿಕೊಂಡು ಹೊದಿಕೆ ಹಿಡಿದಿದ್ದಳು.

"ಗ್ರೇಟಾ ಎಲ್ಲಿ?"

"ಈಗ ಬರ್ತಾಳೆ. ಏನಾಗ್ತಿದೆ?"

"ಏನಿಲ್ಲ. ಅವಳು ಬರ್ಲಿ."

"ನಂಗೆ ಹೇಳು."

"ನಿಂಗೆ ಹೇಳಿದ್ರೆ ಮಳೆ ಬರುತ್ತೆ ಅಂತೀಯ."

ಲೋಟ ಕೆಳಗಿಟ್ಟೆ. ಕಿಟಕಿಯಾಚೆ ಹೊಳೆಯ ನಡುವಿನ ಕಲ್ಲುಗಳು ಬೆಳ್ಳಗೆ ಒಣಗಿದ್ದವು.

"ಬರಲ್ಲ," ಎಂದೆ.

"ಏನು?"

"ನೀನು ಹುಷಾರಾಗಲ್ಲ ಏವಿಸ್. ಚಳಿಗಾಲಕ್ಕೆ ನೀನಿರಲ್ಲ. ಆಮೇಲೆ ನಾನೇನು ಮಾಡ್ಲಿ ಅಂತ ನಂಗೆ ಗೊತ್ತಿಲ್ಲ."

ಅವಳು ಒಂದು ದೊಡ್ಡ ಉಸಿರು ಬಿಟ್ಟಳು. "ಅಬ್ಬ! ಅಂತೂ ಬಂದೆಯಲ್ಲ," ಎಂದಳು. "ಬಾ, ಇಲ್ಲಿ ಕೂತ್ಕೋ." ಆಮೇಲೆ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಇಲ್ಲಿ ಶುರುವಾಗುತ್ತೆ. ಇಲ್ಲಿಂದ ಬೆನ್ನಿಗೆ ಹೋಗುತ್ತೆ. ಇವತ್ತು ಜಾಸ್ತಿ ಇದೆ. ನಂಗೆ ಹೆದರಿಕೆ ಆಗ್ತಿದೆ ಕಣೋ."

ನಾನು ಅತ್ತೆ. ಅವಳೂ ಅತ್ತಳು. ಗ್ರೇಟಾ ಬಂದು ಬಾಗಿಲಲ್ಲಿ ನಿಂತು, ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಗಳನ್ನೇ ತೊಳೆದಳು.

ಜುಲೈ 29

ಮಾತಾಡಿ ಮಾತಾಡಿ ನಮ್ಮಿಬ್ಬರ ಗಂಟಲೂ ಒಣಗಿದೆ. ಬೇಯುವ ಬೀನ್ಸ್ ಕಾಳಿಗೆ ಕಾಕಂಬಿಯ ಪಾಕ ಯಾವಾಗ ಹಾಕಬೇಕು, ಮೇಲಿನ ಕಿಟಕಿ ಯಾವ ಕಡೆಯಿಂದ ಗುದ್ದಿದರೆ ಮುಚ್ಚುತ್ತದೆ, ಹುಟ್ಟುವ ಮೊದಲೇ ಹೋದ ನಮ್ಮ ಮಗುವಿಗೆ ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಹೇಳಿದಳು, ಅಷ್ಟು ಸಾಕು.

"ಇನ್ನೊಂದು," ಎಂದಳು. "ನಾನು ಹೋದ ಮೇಲೆ ಗ್ರೇಟಾನ ಮದ್ವೆ ಆಗ್ಬೇಡ. ಒಬ್ಬರನ್ನೊಬ್ಬರು ಕೊಂದ್ಕೊಳ್ತೀರಿ."

"ಕೇಳಿಸ್ತು!" ಎಂದು ಗ್ರೇಟಾ ಒಳಗಿನಿಂದ ಕೂಗಿದಳು. "ಅವನ ಗೊರಕೆ ಕೇಳೋ ಬದಲು ಮಠ ಸೇರಿ ಕನ್ಯಾಸ್ತ್ರೀ ಆಗ್ತೀನಿ!"

"ಈ ವಯಸ್ಸಲ್ಲಿ ನಿನ್ನ ಯಾವ ಮಠದವ್ರು ಸೇರಿಸ್ಕೊಳ್ತಾರೆ?" ಎಂದು ನಾನು ಕೇಳಿದೆ. ಮೂವರೂ ನಕ್ಕೆವು. ಮೂವರೂ ಎಂದು ಬರೆಯುವುದೇ ಸುಖ.

ಆಮೇಲೆ ಏವಿಸ್ ಒಂದು ವಿಚಿತ್ರ ಆಸೆ ಹೇಳಿದಳು. "ಎಷ್ಟು ವರ್ಷ ನಿನ್ನ ದೋಣಿಗೆ ಬುತ್ತಿ ಕಟ್ಟಿದೀನಿ. ಒಂದು ದಿನಾನೂ ಮುಂದಿನ ಕುರ್ಚೀಲಿ ಕೂತಿಲ್ಲ."

ನಿಜ. ಯಾರೂ ಕೂರಬೇಡ ಎಂದಿಲ್ಲ. ಆದರೆ ಈ ಹೊಳೆಯಲ್ಲಿ ಯಾವ ಗೈಡಿನ ಹೆಂಡತಿಯೂ ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಅದು ಗಿರಾಕಿಯ ಜಾಗ. ಮನೆಯವರನ್ನು ದಾಟಿಸುವಾಗ ಹಿಂದೆ, ಚೀಲದ ಪಕ್ಕ ಕೂರಿಸುತ್ತೇವೆ.

"ಕರ್ಕೊಂಡು ಹೋಗ್ತೀನಿ," ಎಂದೆ.

"ಒಂದು ಷರತ್ತು. ನಿಜ ಹೇಳಿದ್ದಾಯ್ತಲ್ಲ, ಇನ್ನು ಸಾಕು. ಗಿರಾಕಿಗಳಿಗೆ ಹೇಳೋ ಹಾಗೇ ನಂಗೂ ಹೇಳ್ಬೇಕು. ಮೊದಲಿಂದ ಕೊನೇವರೆಗೆ. ಬರೀ ತುಂಡು ತುಂಡು ಕೇಳಿದೀನಿ, ಪೂರ್ತಿ ಕೇಳಿಲ್ಲ."

ಆಗಸ್ಟ್ 1

ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಟೆವು. ಕುರ್ಚಿಗೆ ದಿಂಬು ಕಟ್ಟಿದೆ. ಗಾಳದ ಕೊಕ್ಕೆ ಕತ್ತರಿಸಿ, ಮೀನನ್ನು ಸೆಳೆಯಲು ಕಟ್ಟುವ ಗರಿಯಷ್ಟೇ ಉಳಿಸಿದೆ. ಹೊಳೆ ಮುಚ್ಚಿದೆ ಎಂದರೆ ನನ್ನ ಹೆಂಡತಿಗೂ ಮುಚ್ಚಿದೆ. ನಾನೂ ಗ್ರೇಟಾಳೂ ಅವಳನ್ನು ಎತ್ತಿ ಕೂರಿಸಿದೆವು. ಹಸಿ ಪುಳ್ಳೆಯಷ್ಟೂ ಭಾರವಿರಲಿಲ್ಲ.

"ಮುಳುಗಿಸ್ಬೇಡ್ವೋ! ನೀಲಿ ಗೌನನ್ನ ಈಗಷ್ಟೇ ಇಸ್ತ್ರಿ ಮಾಡಿಟ್ಟಿದೀನಿ!" ಎಂದು ಗ್ರೇಟಾ ದಡದಿಂದ ಕೂಗಿ, ಮುಖ ಆ ಕಡೆ ತಿರುಗಿಸಿದಳು.

ಮನೆ ಕೆಳಗಿನ ಮಡುವಿಗೆ ಗಳ ಊರಿಕೊಂಡು ಹೋಗಿ ಲಂಗರು ಇಳಿಸಿದೆ. ಗಿರಾಕಿ ಮುಂದಕ್ಕೆ ಮುಖ ಮಾಡಿ ಕೂರುತ್ತಾನೆ, ಗೈಡಿಗೆ ಬೆನ್ನಷ್ಟೇ ಕಾಣುತ್ತದೆ. ಅವಳ ಕುತ್ತಿಗೆ ಅಷ್ಟು ಸಣ್ಣಗಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಸಲ ಬೀಸಿದಳು. ದಾರ ಕಾಲ ಬಳಿಯೇ ಬಿತ್ತು.

"ಗೈಡೇ," ಎಂದಳು, ಬಾಸ್ಟನ್ನಿನ ಹೆಂಗಸರ ರಾಗದಲ್ಲಿ, "ಇಲ್ಲಿ ನಿಜವಾಗ್ಲೂ ಮೀನು ಇದ್ಯೇನ್ರೀ?"

"ಏನು ಹೀಗಂತೀರಿ ಅಮ್ಮಾವ್ರೇ? ಬೆಳಿಗ್ಗೆ ನಾನು ದೋಣಿ ಬಿಚ್ಚೋವಾಗ್ಲೇ ಒಂದು ಎದ್ದಿತ್ತು. ಊರಿಗೆ ಬಂದವಳು ನೀರಿಗೆ ಬರ್ದೆ ಇರ್ತಾಳಾ? ಸ್ವಲ್ಪ ತಾಳಿ."

"ನಾನು ಬೀಸಿದ್ದು ಸರಿಯಾಗಿತ್ತಾ?"

"ಇಂಥ ಕೈ ನಾನು ನೋಡೇ ಇಲ್ಲ. ಯಾರ ಹತ್ರ ಕಲಿತ್ರಿ?"

"ಅಯ್ಯೋ ಸುಳ್ಳ!" ಎಂದು ಅವಳ ಸ್ವಂತ ದನಿಯಲ್ಲಿ ನಕ್ಕು, ಮತ್ತೆ ಬಾಸ್ಟನ್ನಿಗೆ ಹೋದಳು. "ಬುತ್ತಿಯಲ್ಲಿ ಏನಿದೆ?"

"ಮೊಟ್ಟೆ, ಬ್ರೆಡ್ಡು. ನನ್ನ ಹೆಂಡ್ತಿ ಕಟ್ಟಿದ್ದು."

"ಅವರ ಕೈಯಡುಗೆ ಚೆನ್ನಾಗಿರುತ್ತಂತೆ."

"ಚೆನ್ನಾಗಿರುತ್ತೆ. ಬಾಯಿ ಸ್ವಲ್ಪ ಜೋರು."

ದೋಣಿಯನ್ನು ಒಂದಳತೆ ಕೆಳಕ್ಕೆ ಇಳಿಸಿ ಮತ್ತೆ ಲಂಗರು ಹಾಕಿದೆ, ಹೇಗೆ ಮಾಡಬೇಕೋ ಹಾಗೆಯೇ. ಸುಳಿಗಾಳಿ ಬಂದು ಹೋಯಿತು. ಆಗ ಕೇಳಿದಳು.

"ಹೌದು, ನಿಮ್ಮ ಮನೆಯವರು ಹೇಗಿದಾರೆ?"

ಎಲ್ಲ ಗಿರಾಕಿಗಳೂ ಇದನ್ನು ಕೇಳುತ್ತಾರೆ. ದಾರ ಸುತ್ತಿಕೊಳ್ಳುತ್ತ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಅವಳು ಕಾಯುತ್ತಿದ್ದಳು. ನಾನು ಲಂಗರಿನ ಹಗ್ಗ ಬಿಗಿ ಮಾಡಿದೆ.

"ಗೈಡೇ. ಷರತ್ತು," ಎಂದಳು ಮೆಲ್ಲಗೆ.

"ಚೆನ್ನಾಗಿದಾಳೆ ಅಮ್ಮಾವ್ರೇ," ಎಂದೆ. "ಗಟ್ಟಿಮುಟ್ಟಾಗಿದಾಳೆ. ಮುಂದಿನ ಬೇಸಿಗೆ ನೀವು ಬಂದಾಗ ಮನೆಗೆ ಬರ್ಲೇಬೇಕು. ಅವಳೇ ಬಾಗಿಲು ತೆಗೀತಾಳೆ."

"ಖಂಡಿತ ಬರ್ತೀನಿ," ಎಂದಳು.

ಹಿಂದಕ್ಕೆ ತಿರುಗಲಿಲ್ಲ. ಭುಜ ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಇವರೆಲ್ಲ ಪ್ರತಿ ವರ್ಷ ಯಾಕೆ ಬರ್ತಾರೆ ಅಂತ ಈಗ ಗೊತ್ತಾಯ್ತು. ನಡಿ, ಮನೆಗೆ ಹೋಗೋಣ, ಸುಸ್ತಾಯ್ತು," ಎಂದಳು. ದೋಣಿ ತಿರುಗಿಸಿದೆ.

ಆಗಸ್ಟ್ 7

ಏವಿಸ್ ಏನೂ ತಿನ್ನಲಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತೇವೆ. ಬರ್ಟನ್ ಹೊಳೆಯ ಸ್ಥಿತಿ ಕೇಳಿ ಫೋನು ಮಾಡಿದ. ನೋಡಿಲ್ಲ ಎಂದೆ. ಮನೆಯಿಂದ ನಾಲ್ಕು ಹೆಜ್ಜೆ, ನೋಡಿಲ್ಲ.

ಆಗಸ್ಟ್ 10

ಬೆಳಿಗ್ಗೆ ಏವಿಸ್ ಹೋದಳು. ನಾನೊಬ್ಬನೇ ಇದ್ದೆ. ಗ್ರೇಟಾ ತನ್ನ ಮನೆಗೆ ಹೋಗಿ ಬರುತ್ತೇನೆಂದು ಹೊರಟವಳು ಬರುವಷ್ಟರಲ್ಲಿ ಮುಗಿದಿತ್ತು.

ಮಧ್ಯಾಹ್ನ ಮೋಡ ಕಟ್ಟಿ ಮಳೆ ಹಿಡಿಯಿತು. ಇನ್ನೂ ಸುರಿಯುತ್ತಿದೆ. ಹೊಳೆ ಕೆಂಪಾಗಿ ಏರುತ್ತಿದೆ. ಸೇತುವೆ ಹತ್ತಿರ ಸಾಲ್ಮನ್ ಹಾರುತ್ತಿವೆ ಎಂದು ಬರ್ಟನ್ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ. ಆಮೇಲೆ ಅವನಿಗೆ ನೆನಪಾಗಿ, ತಡವರಿಸಿ, ಕ್ಷಮಿಸು ಎಂದ. ಅವನ ತಪ್ಪೇನಿಲ್ಲ. ಅಷ್ಟು ದಿನ ಕಾದಿದ್ದಾನೆ.

ಏವಿಸ್‌ಳನ್ನು ಒಯ್ದ ಮೇಲೆ ಗ್ರೇಟಾ ನನ್ನೆದುರು ಚಹಾ ಇಟ್ಟು ಕೂತಳು. ಅವಳ ಕಣ್ಣು ಊದಿತ್ತು.

"ಕೊನೇಲಿ ಏನಾದ್ರೂ ಅಂದ್ಲಾ?"

"ಮಳೆ ಬಂತಾ ಅಂತ ಕೇಳಿದ್ಲು."

"ನೀನೇನಂದೆ?"

ಏವಿಸ್‌ಗೆ ಕಿಟಕಿ ಕಡೆ ತಲೆ ತಿರುಗಿಸಲೂ ಆಗುತ್ತಿರಲಿಲ್ಲ. ಬಂತು ಅಂದಿದ್ದರೆ ನಂಬುತ್ತಿದ್ದಳು. ಹೊರಗೆ ಎಲೆ ಅಲುಗುತ್ತಿತ್ತು, ಕೇಳು, ಅದೇ ಮಳೆ ಅನ್ನಬಹುದಿತ್ತು. ಕಂಡ ಕಂಡವರಿಗೆಲ್ಲ ಜೀವಮಾನವಿಡೀ ಹೇಳಿದ್ದೇನೆ. ಒಂದು ಸಣ್ಣ ಮಾತು. ಬೆಳಗಿನಿಂದ ಹುಡುಕುತ್ತಿದ್ದೇನೆ, ಅದು ಆಗ ನನ್ನ ಬಾಯಿಗೆ ಯಾಕೆ ಬರಲಿಲ್ಲ ಎಂದು ಗೊತ್ತಾಗುತ್ತಿಲ್ಲ.

"ಇಲ್ಲ ಅಂದೆ," ಎಂದೆ. "ಇನ್ನೂ ಇಲ್ಲ ಏವಿಸ್, ಅಂದೆ."

"ಅದಕ್ಕೆ?"

"ಸರಿ ಅಂದ್ಲು. ಹಿಡಿದ ಕೈ ಬಿಡ್ಲಿಲ್ಲ."